'ವಾಂಟ್' ಅಂದ್ರೆ ಯಾವಾಗಲೂ 'ಬೇಕು' ಅಲ್ಲ: ಇಂಗ್ಲಿಷ್ ಕ್ರಿಯಾಪದದ ಹಳೆಯ ಅರ್ಥ ಹುಡುಕೋದು ಹೇಗೆ

1611ರ ಇಂಗ್ಲಿಷ್ ಬೈಬಲ್ಲಿನಲ್ಲಿ 23ನೇ ಕೀರ್ತನೆ ಹೀಗೆ ಶುರುವಾಗುತ್ತದೆ: 'ದಿ ಲಾರ್ಡ್ ಈಸ್ ಮೈ ಶೆಪರ್ಡ್, ಐ ಶಾಲ್ ನಾಟ್ ವಾಂಟ್.' ಈಗಿನ ಇಂಗ್ಲಿಷ್ ತಲೆಯಲ್ಲಿಟ್ಟುಕೊಂಡು ಓದಿದರೆ 'ದೇವರು ನನ್ನ ಕುರುಬ, ನನಗೆ ಬೇಡ' ಅಂದ ಹಾಗಾಗುತ್ತದೆ. ಅದೇ ಸಾಲನ್ನು ಕನ್ನಡ ಬೈಬಲ್ಲಿನಲ್ಲಿ ನೋಡಿ: 'ಯೆಹೋವನು ನನಗೆ ಕುರುಬನು, ಕೊರತೆಪಡೆನು.' ವಾಂಟ್ ಅನ್ನೋ ಪದದ ಹಳೆಯ ಅರ್ಥ ಅಲ್ಲಿ ಸ್ವಚ್ಛವಾಗಿ ಕೂತಿದೆ. ಕೊರತೆ, ಇಲ್ಲದಿರುವುದು. ಆಸೆಯ ಮಾತೇ ಇಲ್ಲ.

ಹಳೆಯ ಇಂಗ್ಲಿಷ್ ಓದುವವರಿಗೆ, ಅದರಲ್ಲೂ ಕನ್ನಡಕ್ಕೆ ತರುವವರಿಗೆ ಇಂಥ ಪದಗಳು ಜಾಸ್ತಿ ತೊಂದರೆ ಕೊಡುತ್ತವೆ. ಗೊತ್ತಿಲ್ಲದ ಪದವಾದರೆ ನಿಘಂಟು ತೆಗೆಯುತ್ತೇವೆ. ಇದು ಗೊತ್ತಿರುವ ಪದ, ಸುಮ್ನೆ ದಾಟಿ ಹೋಗುತ್ತೇವೆ, ತಪ್ಪು ಒಳಗೇ ಉಳಿದುಬಿಡುತ್ತದೆ. ಹಾಗಾಗಿ ವಾಂಟ್ ಒಂದನ್ನೇ ಹಿಡಿದು ಹುಡುಕುವ ದಾರಿ ತೋರಿಸುತ್ತೇನೆ.

ಮೊದಲು ಗಾದೆಗಳನ್ನು, ಹಳೆಯ ನುಡಿಗಟ್ಟುಗಳನ್ನು ಕೂಡಿಹಾಕಿ. ಮಾತು ಬದಲಾದರೂ ಗಾದೆ ಬದಲಾಗುವುದಿಲ್ಲ, ಹಳೆಯ ಅರ್ಥ ಅಲ್ಲಿ ಗಟ್ಟಿಯಾಗಿ ಉಳಿದಿರುತ್ತದೆ. 'ಫಾರ್ ವಾಂಟ್ ಆಫ್ ಎ ನೇಲ್ ದಿ ಶೂ ವಾಸ್ ಲಾಸ್ಟ್' ಅಂದರೆ ಒಂದು ಮೊಳೆ ಇಲ್ಲದೆ ಕುದುರೆಯ ಲಾಳವೇ ಹೋಯಿತು. 'ವೇಸ್ಟ್ ನಾಟ್, ವಾಂಟ್ ನಾಟ್' ಅಂದರೆ ಹಾಳು ಮಾಡಬೇಡ, ಕೊರತೆ ಬರುವುದಿಲ್ಲ. ಎರಡರಲ್ಲೂ 'ಬಯಸು' ಅಂತ ಹಾಕಿ ನೋಡಿ, ಕೂರುವುದೇ ಇಲ್ಲ.

ಆಮೇಲೆ ಹಳೆಯ ನಿಘಂಟುಗಳು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಂದದ್ದು, ಅಮೆರಿಕದ ನೋವಾ ವೆಬ್‌ಸ್ಟರ್ 1828ರಲ್ಲಿ ತಂದದ್ದು, ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಎರಡರಲ್ಲೂ ವಾಂಟ್‌ಗೆ ಮೊದಲು ಕೊಡುವ ಅರ್ಥ 'ಇಲ್ಲದಿರು', 'ಬಯಸು' ಅನ್ನುವುದು ಕೆಳಗೆಲ್ಲೋ ಬರುತ್ತದೆ. ಇನ್ನೂ ಆಳಕ್ಕೆ ಹೋಗಬೇಕೆಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಬೇಕೇ ಬೇಕು. 1884ರಿಂದ 1928ರವರೆಗೆ ಕಂತುಕಂತಾಗಿ ಬಂದ ಈ ನಿಘಂಟಿನಲ್ಲಿ ಪ್ರತಿ ಅರ್ಥದ ಕೆಳಗೂ ಇಸವಿ ಸಮೇತ ಹಳೆಯ ವಾಕ್ಯಗಳಿರುತ್ತವೆ. ಹೆಚ್ಚಿನವರು ಅರ್ಥ ಓದಿ ವಾಕ್ಯಗಳನ್ನು ಬಿಟ್ಟುಬಿಡುತ್ತಾರೆ. ನೀವು ತಿರುಗುಮುರುಗು ಮಾಡಿ, ವಾಕ್ಯಗಳನ್ನೇ ಮೊದಲು ಓದಿ, ಯಾಕೆಂದರೆ ಸಾಕ್ಷಿ ಇರುವುದು ಅಲ್ಲಿ. ಒಂದು ಎಚ್ಚರ: ಅಲ್ಲಿರುವ ಮೊದಲ ಇಸವಿ ಬರವಣಿಗೆಯಲ್ಲಿ ಸಿಕ್ಕ ಮೊದಲ ಸಾಕ್ಷಿ ಅಷ್ಟೆ. ಜನರ ಬಾಯಲ್ಲಿ ಪದ ಅದಕ್ಕೂ ಮುಂಚೆ ಇದ್ದೀತು.

ಹೀಗೆ ಹುಡುಕಿದಾಗ ಸಿಗುವ ಕಥೆ ಇದು. ವಾಂಟ್ ಮೂಲದಲ್ಲಿ ಇಂಗ್ಲಿಷಿನದೇ ಅಲ್ಲ. ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ಬಂದ ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆ ನಿಂತಾಗ ಅವರ ಜೊತೆ ಬಂದ ನಾರ್ಸ್ ಭಾಷೆಯ 'ವಾಂಟಾ', ಅಂದರೆ 'ಕೊರತೆಯಾಗು'. ಚಂದ್ರ ಕ್ಷೀಣಿಸುವುದಕ್ಕೆ ಹೇಳುವ 'ವೇನ್' ಇದರ ನೆಂಟ. ಇಂಗ್ಲಿಷ್ ಬರಹದಲ್ಲಿ ಅದು 1200ರ ಸುಮಾರಿಗೆ ಕಾಣಿಸಿಕೊಳ್ಳುತ್ತದೆ. 'ಇಲ್ಲ' ಅನ್ನೋದು 'ಅಗತ್ಯ'ವಾಗಿ, 18ನೇ ಶತಮಾನದ ಮೊದಲ ವರ್ಷಗಳ ಹೊತ್ತಿಗೆ 'ಆಸೆ'ಯೂ ಆಯಿತು.

ನನಗೆ ಮುಖ್ಯ ಅನ್ನಿಸುವುದು ಇಸವಿಗಿಂತ ಆ ನಡುವಿನ ವಾಕ್ಯಗಳು, ಎರಡೂ ಅರ್ಥಕ್ಕೆ ಜಾಗ ಕೊಡುವಂಥವು. 'ದಿ ಚೈಲ್ಡ್ ವಾಂಟ್ಸ್ ಫುಡ್' ತೆಗೆದುಕೊಳ್ಳಿ. ಮಗುವಿಗೆ ಊಟ ಇಲ್ಲ, ಊಟ ಬೇಕಾಗಿದೆ, ಊಟ ಕೇಳುತ್ತಿದೆ, ಮೂರೂ ಸರಿಯೇ ಅಲ್ವಾ? ಹೇಳಿದವನ ಮನಸ್ಸಿನಲ್ಲಿ ಮೊದಲನೆಯದಿದ್ದು ಕೇಳಿದವನು ಮೂರನೆಯದಾಗಿ ತಗೊಂಡರೂ ಮಾತು ನಡೆಯುತ್ತದೆ, ಅರ್ಥ ಜಾರುವುದು ಇಂಥ ಕಡೆಯೇ. ಜೇನ್ ಆಸ್ಟಿನ್ 1813ರ ಕಾದಂಬರಿಯ ಮೊದಲ ಸಾಲಿನಲ್ಲೇ ಆಸ್ತಿವಂತ ಬ್ರಹ್ಮಚಾರಿ 'ಇನ್ ವಾಂಟ್ ಆಫ್ ಎ ವೈಫ್' ಆಗಿರಲೇಬೇಕು ಅನ್ನುತ್ತಾಳೆ. ಅವನಿಗೆ ಮದುವೆಯ ಆಸೆ ಇದೆ ಅಂತ ಅಲ್ಲಿ ಹೇಳಿಲ್ಲ. ಹೆಂಡತಿಯ ಕೊರತೆ ಇದೆ ಅಂತ ಊರವರು ತೀರ್ಮಾನ ಮಾಡಿದ್ದಾರೆ, ಅವನನ್ನು ಯಾರೂ ಕೇಳಿಲ್ಲ. ಈ ಸಾಲನ್ನು 'ಬಯಸುತ್ತಾನೆ' ಅಂತ ಕನ್ನಡಕ್ಕೆ ತಂದರೆ ಅದರ ಜೀವವೇ ಹೋಗುತ್ತದೆ.

ವಾಕ್ಯದ ಕರ್ತೃ ಯಾರು ಅಂತಲೂ ನೋಡಿ. ಬ್ರಿಟನ್ನಿನಲ್ಲಿ ಈಗಲೂ 'ಯುವರ್ ಹೇರ್ ವಾಂಟ್ಸ್ ಕಟಿಂಗ್' ಅನ್ನುತ್ತಾರೆ. ಕೂದಲಿಗೆ ಆಸೆ ಇರುವುದಿಲ್ಲವಲ್ಲ. ಜೀವವಿಲ್ಲದ ವಸ್ತು ವಾಂಟ್ ಮಾಡುತ್ತಿದ್ದರೆ ಅದು ಕೊರತೆಯೋ ಅಗತ್ಯವೋ ಆಗಿರುತ್ತದೆ, ಈ ಪರೀಕ್ಷೆ ಬಹಳ ಕಡೆ ಕೈ ಹಿಡಿಯುತ್ತದೆ.

ಪಕ್ಕದ ಪದಗಳನ್ನೂ ಬಿಡಬೇಡಿ. ಮೊದಲು 'ಬಯಸು' ಅನ್ನಲು ಇಂಗ್ಲಿಷಿನಲ್ಲಿ 'ವಿಲ್' ಇತ್ತು. ಬೈಬಲ್ಲಿನ 'ವಾಟ್ ವಿಲ್ಟ್ ದೌ' ಅಂದರೆ 'ನಿನಗೇನು ಬೇಕು' ಅಂತಲೇ. ವಿಲ್ ನಿಧಾನವಾಗಿ ಭವಿಷ್ಯತ್ಕಾಲದ ಕೆಲಸಕ್ಕೆ ಹೋಯಿತು, ಬಯಕೆಯ ಜಾಗದಲ್ಲಿ ವಾಂಟ್ ಬಂದು ಕೂತಿತು.

ಬದಲಾವಣೆ ಇನ್ನೂ ನಿಂತಿಲ್ಲ. 'ಯು ವಾಂಟ್ ಟು ಬಿ ಕೇರ್‌ಫುಲ್' ಅಂದರೆ ಎಚ್ಚರವಾಗಿರುವ ಆಸೆ ನಿನಗಿದೆ ಅಂತಲ್ಲ, ಎಚ್ಚರವಾಗಿರಬೇಕು ಅಂತ. ನಮ್ಮ 'ಬೇಕು' ಈ ಕೆಲಸವನ್ನೂ ಮಾಡುತ್ತದೆ: ಕಾಫಿ ಬೇಕು, ಮಳೆ ಬೇಕು, ಹೋಗಬೇಕು. ಕನ್ನಡಕ್ಕೆ ತರುವಾಗ ಎಲ್ಲ ಕಡೆ 'ಬೇಕು' ಹಾಕಿ ಪಾರಾಗಬಹುದು ಅನ್ನಿಸುತ್ತದೆ, ಆದರೆ ಹಳೆಯ ಪಠ್ಯಕ್ಕೆ ಮೊದಲು 'ಇಲ್ಲ' ಅಥವಾ 'ಕೊರತೆ' ಹಾಕಿ ನೋಡಿ. ಅದು ಹೊಂದದಿದ್ದರೆ ಮಾತ್ರ 'ಬೇಕು'.

ಇದೇ ದಾರಿಯಲ್ಲಿ ಮುಂದೆ 'ಪ್ರಿವೆಂಟ್' ಹಿಡಿಯಿರಿ. 1611ರ ಬೈಬಲ್ಲಿನ 119ನೇ ಕೀರ್ತನೆ, 147ನೇ ವಚನದಲ್ಲಿ ಒಬ್ಬ ಭಕ್ತ ಬೆಳಗಾಗುವುದನ್ನೇ ಪ್ರಿವೆಂಟ್ ಮಾಡಿದೆ ಅನ್ನುತ್ತಾನೆ. ಆ ವಚನದ ಕನ್ನಡ ಪಕ್ಕದಲ್ಲಿಟ್ಟುಕೊಂಡು ಶುರು ಮಾಡಿ.