ಮಧ್ಯರಾತ್ರಿ ದಾಟುವ ಅವಧಿಗಳ ಲೆಕ್ಕ ಸರಿಹೋದ ಬಗೆ

ಪಾರ್ಶ್ವವಾಯು ದಿನದ ಯಾವ ಹೊತ್ತಿನಲ್ಲಿ ಹೆಚ್ಚು ಶುರುವಾಗುತ್ತದೆ ಎಂದು ಅಂದಾಜಿಸಬೇಕಿತ್ತು. ಗಡಿಯಾರದ ಹೊತ್ತು ಸುತ್ತಿ ಬರುವಂಥದ್ದು. 23 ಗಂಟೆ ಮತ್ತು 1 ಗಂಟೆಯ ಮಾಮೂಲಿ ಸರಾಸರಿ ಮಧ್ಯಾಹ್ನ 12 ಆಗಿಬಿಡುತ್ತದೆ! ಗಂಟೆಗೆ 15 ಡಿಗ್ರಿಯಂತೆ ಕೋನಕ್ಕೆ ಬದಲಿಸಿ, ಸೈನ್ ಮತ್ತು ಕೊಸೈನ್‌ಗಳ ಸರಾಸರಿಯಿಂದ ದಿಕ್ಕು ತೆಗೆದರೆ ಮಧ್ಯರಾತ್ರಿಯೇ ಬರುತ್ತದೆ. ಅಷ್ಟು ಸುಲಭ.

ಕಷ್ಟವಾದದ್ದು ನಿದ್ದೆಯಲ್ಲಿ ಪಾರ್ಶ್ವವಾಯು ಬಂದವರದು. ರಾತ್ರಿ 11ಕ್ಕೆ ಮಲಗುವಾಗ ಚೆನ್ನಾಗಿದ್ದರು, ಬೆಳಿಗ್ಗೆ 6ಕ್ಕೆ ಎದ್ದಾಗ ಕೈ ಎತ್ತಲಾಗಲಿಲ್ಲ. ನಡುವಿನ 2.30 ಎಂದು ತುಂಬಿಸಿದರೆ ಅಲ್ಲಿ ಹುಸಿ ಶಿಖರ ಏಳುತ್ತದೆ. ಅವರನ್ನು ಬಿಟ್ಟರೆ ರಾತ್ರಿಯೇ ಅಳಿಸಿಹೋಗುತ್ತದೆ; ಇದು ಇನ್ನೂ ಕೆಟ್ಟದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾಗಿ ವಾನ್ ಮಿಸೆಸ್ ವಿತರಣೆ ಹಿಡಿದೆ; ಇದು ವೃತ್ತದ ಮೇಲೆ ಒಂದು ಶಿಖರವಿರುವ, ಗಂಟೆಯಾಕಾರದ ವಕ್ರರೇಖೆಯಂಥದ್ದು. ಹೊತ್ತು ಗೊತ್ತಿದ್ದವರಿಗೆ ಆ ಹೊತ್ತಿನಲ್ಲಿ ವಕ್ರರೇಖೆಯ ಎತ್ತರ (ಸಾಂದ್ರತೆ), ಮಲಗಿದ ಮತ್ತು ಎದ್ದ ಹೊತ್ತು ಮಾತ್ರ ಗೊತ್ತಿದ್ದವರಿಗೆ ಆ ನಡುವಿನ ಅವಧಿಯ ಸಂಭವನೀಯತೆ. ಇವುಗಳ ಲಾಗ್‌ಗಳ ಮೊತ್ತ ಗರಿಷ್ಠವಾಗುವಂಥ ವಕ್ರರೇಖೆಯನ್ನು ಹುಡುಕುವುದು. ಪ್ರೋಗ್ರಾಂ ಮಾತ್ರ ಅರ್ಧದಲ್ಲೇ ನಿಲ್ಲುತ್ತಿತ್ತು. ಕಾರಣ, ಸಂಚಿತ ಸಂಭವನೀಯತೆಯನ್ನು (ಮಧ್ಯರಾತ್ರಿಯಿಂದ ಆ ಹೊತ್ತಿನವರೆಗಿನ ಒಟ್ಟು) 6ರದ್ದರಿಂದ 23ರದ್ದನ್ನು ಕಳೆದರೆ ವ್ಯತ್ಯಾಸ ಋಣಾತ್ಮಕ. ಅದಕ್ಕೆ ಲಾಗ್ ಇಲ್ಲ. ಅವಧಿಯ ಕೊನೆ ಆರಂಭಕ್ಕಿಂತ ಚಿಕ್ಕದಾದಾಗ ವ್ಯತ್ಯಾಸಕ್ಕೆ ಇಡೀ ಸುತ್ತಿನ ಸಂಭವನೀಯತೆಯಾದ 1 ಕೂಡಿಸಿದೆ, ಓಡಿತು. ಯಾವ ಅವಧಿ ಎಂಬುದೂ ತಿಳಿಯದವರಿಗೆ ಇಡೀ ವೃತ್ತ, ಅಂದರೆ ಸಂಭವನೀಯತೆ 1, ಲಾಗ್ 0: ಅವರಿಂದ ಅಂದಾಜು ಅಲುಗದು.

ಒಂದು ಎಚ್ಚರ: ಮಲಗುವ ಹೊತ್ತಿಗೂ ರೋಗ ಶುರುವಾಗುವ ಹೊತ್ತಿಗೂ ನಂಟಿದ್ದರೆ ಈ ಲೆಕ್ಕ ನಿಲ್ಲದು. ಎರಡು ಶಿಖರಗಳಿದ್ದರೆ ಎರಡು ವಾನ್ ಮಿಸೆಸ್‌ಗಳ ಮಿಶ್ರಣ ಬೇಕು.