ಟ್ರಿನಿಡಾಡಿಗೆ ಹೊರಟ ಮಲೆನಾಡಿನವರಿಗೆ: ತಲೆ ಕೆಡಿಸಿಕೊಳ್ಳದೆ ಸಂಸಾರ ಹೂಡುವುದು ಹೇಗೆ

ನಮ್ಮ ಯಜಮಾನರು ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದ ಪಾಯಿಂಟ್ ಲಿಸಾಸ್‌ನಲ್ಲಿ ಇಂಜಿನಿಯರ್ ಆಗಿದ್ದರು. ಅಮೋನಿಯಾ, ಮೆಥನಾಲ್ ಕಾರ್ಖಾನೆಗಳು ಸಾಲಾಗಿ ನಿಂತಿರುವ ಜಾಗ ಅದು. ನಾವು ಹತ್ತಿರದ ಶಗ್ವಾನಸ್ ಊರಿನಲ್ಲಿ ಮನೆ ಮಾಡಿದ್ದೆವು. ಈಗ ಶಿವಮೊಗ್ಗದ ವಿನೋಬನಗರಕ್ಕೆ ವಾಪಸಾಗಿದ್ದೇವೆ. ಆ ಕಡೆ ಕೆಲಸ ಸಿಕ್ಕಿದ ಹುಡುಗರು, ಅವರ ಹೆಂಡತಿಯರು, ಹೆಚ್ಚಾಗಿ ಅವರ ಅಮ್ಮಂದಿರು ಬಂದು ಕೇಳುತ್ತಿರುತ್ತಾರೆ. ಎಲ್ಲರಿಗೂ ಹೇಳುವುದು ಒಂದೇ: ಬೆಂಗಳೂರಿನ ಅಭ್ಯಾಸಗಳನ್ನು ಇಲ್ಲೇ ಬಿಟ್ಟು, ಊರಿನ ಅಭ್ಯಾಸಗಳನ್ನು ಹೊತ್ತುಕೊಂಡು ಹೋಗಿ. ಅಲ್ಲಿ ಸಿಟ್ಟು ಬರಿಸುವ ಮುಕ್ಕಾಲು ಪಾಲು ಸಂಗತಿಗಳು ತೀರ್ಥಹಳ್ಳಿ, ಹೊಸನಗರ ಕಡೆ ಬೆಳೆದವರಿಗೆ ಹೊಸದೇನಲ್ಲ. ನಡುವೆ ಬೆಂಗಳೂರಿನಲ್ಲಿದ್ದು ಮರೆತಿರುತ್ತಾರೆ, ಅಷ್ಟೇ.

ಹೊರಡುವ ಮೊದಲು

ಟಿಕೆಟ್ ತೆಗೆಯುವಾಗ ವಿಮಾನ ಎಲ್ಲೆಲ್ಲಿ ಇಳಿಯುತ್ತದೆ ಅಂತ ಮೊದಲು ನೋಡಿ. ಅಮೆರಿಕದ ಮೂಲಕ ಹೋದರೆ, ಬರೀ ವಿಮಾನ ಬದಲಿಸಲು ಇಳಿದರೂ ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕು. ಅಗ್ಗದ ಟಿಕೆಟ್ ಎಂದು ಖುಷಿಪಟ್ಟು, ಆಮೇಲೆ ಆ ವೀಸಾಕ್ಕಾಗಿ ಚೆನ್ನೈಗೋ ಹೈದರಾಬಾದಿಗೋ ಓಡಾಡುವುದು ಬೇಡ.

ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಹೋಗುವಾಗ ಯಾರೂ ಕೇಳದಿದ್ದರೂ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದವರು ಕೇಳುತ್ತಾರೆ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಲಸಿಕೆ ಹಾಕಿಸಿದ 10 ದಿನದ ಮೇಲೆಯೇ ಕಾರ್ಡಿಗೆ ಬೆಲೆ, ಹಾಗಾಗಿ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಹಾಕಿಸಿದರೆ ಮಾತ್ರ ನಡೆಯುತ್ತದೆ. ಇದನ್ನು ನಮ್ಮ ಕಡೆಯವರಿಗೆ ಅರ್ಥ ಮಾಡಿಸುವುದು ಸುಲಭ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಗೊತ್ತಾದಾಗಿನಿಂದ, ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ನಮಗೆ ಎದೆ ಧಸಕ್ಕೆನ್ನುತ್ತದೆ. ಟ್ರಿನಿಡಾಡಿನ ಕಾಡಿನಲ್ಲೂ ದೊಡ್ಡ ದನಿಯಲ್ಲಿ ಕೂಗುವ ಕೆಂಪು ಮಂಗಗಳಿವೆ. ಅವು ಸತ್ತರೆ ಅಲ್ಲಿಯವರಿಗೆ ಹಳದಿ ಜ್ವರದ ಭಯ. ಇಲ್ಲಿ ಉಣುಗು ಹರಡುತ್ತದೆ, ಅಲ್ಲಿ ಸೊಳ್ಳೆ.

ಮದುವೆಯಾದವರು ಮದುವೆಯ ನೋಂದಣಿ ಪತ್ರ ಮಾಡಿಸಿ, ಅದಕ್ಕೆ ಅಪೊಸ್ಟಿಲ್ ಮುದ್ರೆ (ಹೊರದೇಶದಲ್ಲೂ ದಾಖಲೆ ನಡೆಯುವಂತೆ ನಮ್ಮ ಸರ್ಕಾರ ಹಾಕಿಕೊಡುವ ಮುದ್ರೆ) ಹಾಕಿಸಿಕೊಂಡು ಹೋಗಿ. ನಮ್ಮ ಕಡೆ ಮದುವೆ ಮಾಡಿಕೊಂಡು, ಆಲ್ಬಂ ಮಾಡಿಸಿ, ಉಪನೋಂದಣಿ ಕಚೇರಿ ಕಡೆ ತಲೆಯನ್ನೇ ಹಾಕದವರು ಎಷ್ಟೋ ಜನ ಇದ್ದಾರೆ. ಆಲ್ಬಂ ತೋರಿಸಿದರೆ ಅಲ್ಲಿ ಯಾರೂ ಒಪ್ಪುವುದಿಲ್ಲ.

ಇಲ್ಲಿಯ ಬ್ಯಾಂಕಿನಿಂದ ನಿಮ್ಮ ಖಾತೆ ಸರಿಯಾಗಿ ನಡೆದಿದೆ ಎಂಬ ಪತ್ರವನ್ನೂ ತೆಗೆದುಕೊಳ್ಳಿ. ಅಲ್ಲಿ ಖಾತೆ ತೆರೆಯಲು ಅದನ್ನು ಕೇಳಬಹುದು. ಕಂಪನಿಯ ಪತ್ರ ಮತ್ತು ವಿಳಾಸದ ದಾಖಲೆಯನ್ನಂತೂ ಕೇಳುತ್ತಾರೆ. ಹೊಸದಾಗಿ ಹೋದ ಬಾಡಿಗೆದಾರರ ಹೆಸರಿನಲ್ಲಿ ಕರೆಂಟ್ ಬಿಲ್ ಎಲ್ಲಿಂದ ಬರಬೇಕು? ಅದಕ್ಕೆ ಮನೆ ಒಪ್ಪಂದ ಮಾಡುವ ದಿನವೇ ಮಾಲೀಕರಿಂದ ಒಂದು ಪತ್ರ, ಅವರ ಹೆಸರಿನ ಬಿಲ್ಲಿನ ಪ್ರತಿ, ಎರಡನ್ನೂ ಇಸಿದುಕೊಳ್ಳಿ. ಆಮೇಲೆ ಕೇಳಿದರೆ ಸಿಗುತ್ತದೆ, ಆದರೆ ತಿಂಗಳಾಗುತ್ತದೆ.

ಮನೆ ನೋಡುವಾಗ

ಸಮುದ್ರ ಕಾಣುತ್ತದಾ, ಹವಾ ಚೆನ್ನಾಗಿದೆಯಾ ಎಂದು ನೋಡುವ ಮೊದಲು ನೀರಿನ ಟ್ಯಾಂಕ್ ನೋಡಿ. ಎಷ್ಟೋ ಕಡೆ ನಲ್ಲಿ ನೀರು ದಿನಾ ಬರುವುದಿಲ್ಲ, ವಾರದ ಇಂಥ ದಿನ ಇಷ್ಟು ಹೊತ್ತು ಅಂತ ಇರುತ್ತದೆ. ಟ್ಯಾಂಕ್ ಎಷ್ಟಿವೆ, ಪಂಪ್ ಇದೆಯಾ, ಯಾವ ದಿನ ನೀರು ಅಂತ ಕೇಳಿ. ಮಾಲೀಕರನ್ನು ಕೇಳಿದರೆ ಸಾಲದು, ಪಕ್ಕದ ಮನೆಯವರನ್ನು ಕೇಳಿ. ಜನವರಿಯಿಂದ ಮೇ ತನಕ ಒಣ ಕಾಲ, ಆಗ ಕಷ್ಟ ಜಾಸ್ತಿ. ಜೂನಿನಿಂದ ಮಳೆ. ಮಳೆಗೆ ಅಲ್ಲಿಯವರು ಹೆದರುವುದನ್ನು ನೋಡಿದರೆ ಆಗುಂಬೆ ಸೀಮೆಯವರಿಗೆ ನಗು ಬರಬಹುದು, ಆದರೆ ತಗ್ಗಿನ ರಸ್ತೆಗಳು ಅರ್ಧ ಗಂಟೆಯಲ್ಲಿ ತುಂಬಿಬಿಡುತ್ತವೆ. ಮನೆ ನೋಡಲು ಮಳೆ ಬಂದ ದಿನವೇ ಹೋಗುವುದು ಒಳ್ಳೆಯದು.

ಕರೆಂಟ್ ಅಲ್ಲಿ 115 ವೋಲ್ಟ್, 60 ಹರ್ಟ್ಸ್. ಪ್ಲಗ್ಗಿನ ಪಿನ್ನು ಅಮೆರಿಕದ ಥರ ಚಪ್ಪಟೆ. ಇಲ್ಲಿಯ ಮಿಕ್ಸಿ ಹಾಕಿದರೆ ಕೊರಗುತ್ತದೆಯೇ ಹೊರತು ಕಾಯಿ ರುಬ್ಬುವುದಿಲ್ಲ. 110 ವೋಲ್ಟಿನ ಮಿಕ್ಸಿ ಅಂತಲೇ ಸಿಗುತ್ತದೆ, ಅದನ್ನೇ ಒಯ್ಯಿರಿ. ಫೋನ್, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100–240 ಎಂದು ಬರೆದಿದ್ದರೆ ಬರೀ ಪಿನ್ನು ಬದಲಿಸಿದರೆ ಸಾಕು. ಕುಕ್ಕರಿನ ಗ್ಯಾಸ್ಕೆಟ್ ನಾಲ್ಕು ಹೆಚ್ಚಿಗೆ ಇರಲಿ.

ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು ಕಂಡು ಗಾಬರಿಯಾಗಬೇಡಿ, ಸರಳಿಲ್ಲದ ಮನೆ ಕಂಡರೆ ಗಾಬರಿಯಾಗಿ. ಅಪರಾಧ ಹೆಚ್ಚಾಗಿ 2024ರ ಡಿಸೆಂಬರ್ 30ರಂದು ತುರ್ತು ಪರಿಸ್ಥಿತಿಯನ್ನೇ ಘೋಷಿಸಿದ ದೇಶ ಅದು. ಕತ್ತಲಾದ ಮೇಲೆ ಕಾಲ್ನಡಿಗೆ ಬೇಡ. ಒಳಗಿನಿಂದ ಸರಳಿನ ಬೀಗದ ಕೈ ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರಲಿ. ಬೆಂಕಿ ಬಿದ್ದರೆ ಅದೇ ಸರಳು ಬಾಗಿಲಾಗಬೇಕಲ್ವಾ?

ಕೌಂಟರಿನ ಮುಂದೆ

ನಮ್ಮವರು ಅತಿ ಹೆಚ್ಚು ಬೈದುಕೊಳ್ಳುವುದು ಇಲ್ಲಿ. "ಮುಖ ಕೊಟ್ಟು ಮಾತಾಡಲ್ಲ, ಅಹಂಕಾರ" ಎನ್ನುತ್ತಾರೆ. ನಾನು ಹೇಳುವುದು, ಮೊದಲು ನೀವು ಮಾತಾಡಿಸಿದಿರಾ? ಅಂಗಡಿಯಿರಲಿ, ಆಸ್ಪತ್ರೆಯ ಕಾಯುವ ಕೋಣೆಯಿರಲಿ, ಒಳಗೆ ಕಾಲಿಟ್ಟ ತಕ್ಷಣ ಎಲ್ಲರಿಗೂ ಕೇಳುವಂತೆ "ಗುಡ್ ಮಾರ್ನಿಂಗ್" ಹೇಳಬೇಕು. ಸಂಜೆ ಕತ್ತಲಾದ ಮೇಲೆ ಒಳಗೆ ಬರುವವರು "ಗುಡ್ ನೈಟ್" ಎನ್ನುತ್ತಾರೆ. ಹೊರಟುಹೋಗುತ್ತಿದ್ದಾರೆ ಎಂದುಕೊಳ್ಳಬೇಡಿ, ಬಂದಿದ್ದಾರೆ. ನೇರವಾಗಿ "ಒಂದು ಫಾರಂ ಕೊಡಿ" ಅಂದರೆ ಆ ಹೆಂಗಸು ತಲೆ ಎತ್ತುವುದೇ ಇಲ್ಲ. ನಮ್ಮೂರ ಸೊಸೈಟಿಯಲ್ಲಿ "ಏನ್ ಮಾರಾಯ್ರೆ, ಅಡಿಕೆ ಕೊಯ್ಲು ಆಯ್ತಾ" ಎಂದು ಕೇಳದೆ ಯಾರಾದರೂ ವ್ಯವಹಾರಕ್ಕೆ ಇಳಿಯುತ್ತಾರಾ? ಅಷ್ಟೇ ಮರ್ಯಾದೆ ಅಲ್ಲೂ ಬೇಕು. ಸಾಲಿನಲ್ಲಿ ನಿಂತು ಗಡಿಯಾರ ನೋಡುತ್ತಾ ನಿಟ್ಟುಸಿರು ಬಿಟ್ಟರೆ ಸಾಲು ಇನ್ನೂ ನಿಧಾನವಾಗುತ್ತದೆ, ಇದು ನನ್ನ ಅನುಭವದ ಮಾತು. ಒಂದು ಕಚೇರಿಯ ಕೆಲಸಕ್ಕೆ ಒಂದಿಡೀ ಬೆಳಗ್ಗೆ ಬಿಟ್ಟುಬಿಡಿ. ಒಂದೇ ದಿನ ಎರಡು ಕಚೇರಿ ಸುಮ್ನೆ ಆಸೆ.

ಇನ್ನೊಂದು. ನಮ್ಮವರಂತೆಯೇ ಕಾಣುವ ಅಲ್ಲಿಯವರ ಮುಖ ನೋಡಿ, ಹೆಸರು ಕೇಳಿ, "ನಿಮ್ಮದು ಇಂಡಿಯಾದಲ್ಲಿ ಯಾವ ಊರು?" ಎಂದು ಶುರುಮಾಡಬೇಡಿ. ಅವರ ಹಿರಿಯರು ಕಬ್ಬಿನ ತೋಟಗಳಲ್ಲಿ ಕೂಲಿ ಮಾಡಲು ಕರಾರಿನ ಮೇಲೆ ಬಂದವರು. ಮೊದಲ ಹಡಗು ಫಟೆಲ್ ರಜಾಕ್ ಅಲ್ಲಿಗೆ ಮುಟ್ಟಿದ್ದು 1845ರ ಮೇ 30ರಂದು, ಆ ದಿನ ಅಲ್ಲಿ ಸರ್ಕಾರಿ ರಜೆ. ಹೆಚ್ಚಿನವರ ಮೂಲ ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆ. ಮನೆಯಲ್ಲಿ ಆಡುವುದು ಅವರದೇ ಧಾಟಿಯ ಇಂಗ್ಲಿಷ್. ನಿಮ್ಮ ಹಿಂದಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಕನ್ನಡದ ಮಾತಂತೂ ದೂರ. ಕಾರಪಿಚೈಮಾ ಎಂಬ ಊರಿನಲ್ಲಿ ಮೈಸೂರಿನ ಅವಧೂತ ದತ್ತ ಪೀಠದ ಸ್ವಾಮೀಜಿಯವರು ಸ್ಥಾಪಿಸಿದ ದತ್ತಾತ್ರೇಯ ಗುಡಿಯಿದೆ, ಮುಂದೆ 85 ಅಡಿ ಎತ್ತರದ ಹನುಮಂತ. ಗೋಪುರ ನಮ್ಮ ಕಡೆಯ ಶೈಲಿಯದ್ದು. ಮನಸ್ಸು ಕೆಟ್ಟ ದಿನ ಅಲ್ಲಿಗೆ ಹೋಗಿ ಕೂರಬಹುದು.

ಅಡುಗೆ

ಸೂಟ್‌ಕೇಸ್ ತುಂಬ ಅಕ್ಕಿ, ಬೇಳೆ ತುಂಬಿಕೊಂಡು ಹೋಗುವುದು ದಂಡ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಸಾರಿನ ಪುಡಿಯ ಸಾಮಾನು, ಒಣ ಮುರುಗಲು, ಒಂದು ಡಬ್ಬಿ ಅಪ್ಪೆಮಿಡಿ, ಇಷ್ಟು ಸಾಕು. ಒಯ್ದಿದ್ದನ್ನೆಲ್ಲ ಅಲ್ಲಿಯ ಕಸ್ಟಮ್ಸ್ ಫಾರಂನಲ್ಲಿ ಬರೆಯಿರಿ. ಬೀಜ, ಗಿಡ, ಗೆಡ್ಡೆ ಮಾತ್ರ ಬೇಡವೇ ಬೇಡ, ಅತ್ತೆಯವರು ಎಷ್ಟೇ ಪ್ರೀತಿಯಿಂದ ಕೊಟ್ಟರೂ.

ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಬೇಳೆ ಹಳದಿ ಬಟಾಣಿ ಬೇಳೆ. ಸಾರು ಮಾಡಿದರೆ ಗಂಜಿಯಂತೆ ಗಟ್ಟಿಯಾಗುತ್ತದೆ. ನೀರು ಜಾಸ್ತಿ ಹಾಕಿ, ಹುಳಿ ಕೊನೆಗೆ ಬಿಡಿ. ತೊಗರಿ ಹಸಿ ಕಾಳಾಗಿ ಧಾರಾಳ ಸಿಗುತ್ತದೆ, ಹುಳಿಗೆ ಬಹಳ ಚೆನ್ನ. ಕುಚ್ಚಲಕ್ಕಿ ಎಲ್ಲೆಡೆ ಇದೆ, ಇಡ್ಲಿಗೆ ಚಿಂತೆಯಿಲ್ಲ. ಹಿಟ್ಟು ಹುಳಿ ಬರುವುದಿಲ್ಲ ಎಂದು ಮಳೆಗಾಲದಲ್ಲಿ ಕಂಬಳಿ ಸುತ್ತಿ ಇಡುವ ಕಷ್ಟ ಅಲ್ಲಿಲ್ಲ. ರಾತ್ರಿ ತಡವಾಗಿ ರುಬ್ಬಿ, ಬೆಳಗ್ಗೆ ಬೇಗ ಏಳಿ, ಇಲ್ಲದಿದ್ದರೆ ಪಾತ್ರೆಯಿಂದ ಉಕ್ಕಿರುತ್ತದೆ.

ಸಂತೆಗೆ ಹೋದರೆ ದಶೀನ್ ಎಂದು ಮಾರುವ ಎಲೆ ನೋಡಿ. ನಮ್ಮ ಕೆಸುವೇ ಅದು! ಪತ್ರೊಡೆ ಮಾಡಿ, ಅಕ್ಕಪಕ್ಕದವರಿಗೆ ಕೊಡಿ. ಅವರು ಅದೇ ಎಲೆಗೆ ಬೇಳೆ ಹಿಟ್ಟು ಹಚ್ಚಿ ಕರಿದು ಸಹೀನಾ ಎಂದು ತಿನ್ನುತ್ತಾರೆ, ವಾಪಸ್ ತಟ್ಟೆಯಲ್ಲಿ ಅದು ಬರುತ್ತದೆ. ನನಗೆ ಆ ಬೀದಿಯಲ್ಲಿ ಗೆಳತಿಯರು ಸಿಕ್ಕಿದ್ದು ಪತ್ರೊಡೆಯಿಂದ. ಜೀಗುಜ್ಜೆಯೂ ಉಂಟು. ಕಟಹರ್ ಎಂದು ಕರೆಯುವ ಇನ್ನೊಂದು ಕಾಯನ್ನು ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ, ಹಲಸಿನ ಗುಜ್ಜೆ ಪಲ್ಯದ ಆಸೆ ಅದರಲ್ಲಿ ತೀರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಕಲಲೂ ಎಂಬ ಸೊಪ್ಪಿನ ಅಡುಗೆ ನೋಡಲು ನಮ್ಮ ಸೊಪ್ಪಿನ ಹುಳಿಯ ಹಾಗೆಯೇ ಇರುತ್ತದೆ, ಒಳಗೆ ಏಡಿಯೋ ಹಂದಿಯ ಬಾಲವೋ ಇರಬಹುದು. "ಸಸ್ಯಾಹಾರಿ" ಎಂದು ವಿವರಿಸುವುದಕ್ಕಿಂತ "ಉಪವಾಸದಲ್ಲಿದ್ದೇನೆ" ಎಂದರೆ ಬೇಗ ತಿಳಿಯುತ್ತದೆ. ದೀಪಾವಳಿಗೆ ಮೊದಲು ಅಲ್ಲಿಯ ಹಿಂದೂಗಳು ಮಾಂಸ ಬಿಡುವುದನ್ನು ಹಾಗೆಯೇ ಹೇಳುತ್ತಾರೆ. ಬೆಳಗಿನ ತಿಂಡಿಗೆ ಬೀದಿ ಬದಿಯ ಡಬಲ್ಸ್ ತಿನ್ನಿ: ಬರಾ ಎಂಬ ಮೆತ್ತನೆಯ ಎರಡು ಕರಿದ ರೊಟ್ಟಿ, ನಡುವೆ ಕಡಲೆ ಕಾಳು. ಖಾರ ಎಷ್ಟು ಎಂದು ಕೇಳಿದರೆ "ಸ್ಲೈಟ್" ಅನ್ನಿ. ಜೀರಿಗೆ ಮೆಣಸು ಕಚ್ಚಿ ತಿಂದವರು ನಾವು ಎಂಬ ಜಂಬ ಬೇಡ. ಪ್ರಪಂಚದ ಅತಿ ಖಾರದ ಮೆಣಸಿನಕಾಯಿಗಳಲ್ಲಿ ಒಂದಾದ ಮೊರೂಗಾ ಸ್ಕಾರ್ಪಿಯನ್ ಆ ಮಣ್ಣಿನದೇ.

ಓಡಾಟ

ಗಾಡಿ ಎಡಗಡೆಯೇ ಓಡುತ್ತದೆ, ಅದೊಂದು ಸಮಾಧಾನ. ಕಾರು ಇಲ್ಲದವರಿಗೆ ಮ್ಯಾಕ್ಸಿ ಎಂಬ ವ್ಯಾನುಗಳಿವೆ. ಬಿಳಿ ಗಾಡಿಯ ಮೇಲೆ ಬಣ್ಣದ ಪಟ್ಟಿ: ಪೋರ್ಟ್ ಆಫ್ ಸ್ಪೇನ್ ಸುತ್ತಮುತ್ತ ಹಳದಿ, ಪೂರ್ವಕ್ಕೆ ಕೆಂಪು, ಶಗ್ವಾನಸ್, ಸ್ಯಾನ್ ಫರ್ನಾಂಡೊ ಕಡೆಗೆ ಹಸಿರು. ನಿಲ್ದಾಣದಿಂದ ಹೊರಡುವುದು ತುಂಬಿದ ಮೇಲೆ. ಎಷ್ಟು ಗಂಟೆಗೆ ಎಂದು ಕೇಳಿದರೆ ಡ್ರೈವರ್ ನಿಮ್ಮ ಮುಖ ನೋಡುತ್ತಾನೆ. ಬಾಡಿಗೆ ಕಾರು ಹತ್ತುವಾಗ ನಂಬರ್ ಪ್ಲೇಟ್ ಎಚ್ ಅಕ್ಷರದಿಂದ ಶುರುವಾಗುತ್ತದಾ ನೋಡಿ. ಪಿ ಅಕ್ಷರದವು ಖಾಸಗಿ ಕಾರು, ಅವುಗಳಲ್ಲೂ ಕೆಲವು ಕದ್ದು ಬಾಡಿಗೆ ಹೊಡೆಯುತ್ತವೆ, ಹತ್ತಬೇಡಿ.

ವಯಸ್ಸಾದ ಡ್ರೈವರ್ ಸಿಕ್ಕಿದರೆ ಕ್ರಿಕೆಟ್ ಎತ್ತಿ. 1976ರಲ್ಲಿ ಅಲ್ಲಿಯ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಭಾರತ ನಾಲ್ಕನೇ ಇನಿಂಗ್ಸಿನಲ್ಲಿ 403 ರನ್ನಿನ ಗುರಿ ಬೆನ್ನಟ್ಟಿ ಗೆದ್ದಿತ್ತು. ಅದರಲ್ಲಿ ಜಿ.ಆರ್. ವಿಶ್ವನಾಥ್ 112. "ಅವರು ಹುಟ್ಟಿದ ಭದ್ರಾವತಿ ನಮ್ಮೂರಿನ ಪಕ್ಕದಲ್ಲೇ" ಅಂದರೆ ಸಾಕು, ಮನೆ ಬಾಗಿಲ ತನಕ ಬಿಡುತ್ತಾರೆ.

ದುಡ್ಡು ಮತ್ತು ದಿನ

ಊರಿಗೆ ಫೋನ್ ಮಾಡಲು ಸರಿಯಾದ ಹೊತ್ತು ಅಲ್ಲಿಯ ರಾತ್ರಿ ಎಂಟೂವರೆ. ಇಲ್ಲಿ ಆಗ ಬೆಳಗಿನ 6 ಗಂಟೆ, ಅಮ್ಮ ಕಾಫಿಗೆ ಎದ್ದಿರುತ್ತಾರೆ. ಅಲ್ಲಿಯ ದೊಡ್ಡ ಬೀದಿ ಹಬ್ಬವಾದ ಕಾರ್ನಿವಲ್ಲಿನ ಸೋಮವಾರ, ಮಂಗಳವಾರ ಸರ್ಕಾರಿ ರಜೆಯ ಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಊರೆಲ್ಲ ಬೀದಿಯಲ್ಲಿ ಕುಣಿಯುತ್ತಿರುತ್ತದೆ. ಆ ವಾರ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ, ದಿನಸಿ ಮೊದಲೇ ತಂದಿಡಿ.

ಎಲ್ಲಕ್ಕಿಂತ ದೊಡ್ಡ ತಲೆನೋವು ಅಮೆರಿಕನ್ ಡಾಲರಿನದು. ಒಂದು ಅಮೆರಿಕನ್ ಡಾಲರಿಗೆ ಸುಮಾರು 6.8 ಟ್ರಿನಿಡಾಡ್ ಡಾಲರ್ ಎಂದು ದರ ಇದೆ, ಆದರೆ ಆ ದರಕ್ಕೆ ಬೇಕಾದಷ್ಟು ಸಿಗುವುದಿಲ್ಲ. ಬ್ಯಾಂಕಿನಲ್ಲಿ ಸ್ವಲ್ಪ ಸ್ವಲ್ಪ ಕೊಡುತ್ತಾರೆ, ಕಾರ್ಡಿಗೂ ಮಿತಿ. ಊರಲ್ಲಿ ಮನೆ ಸಾಲ, ಮಗಳ ಫೀಸು ಇರುವವರು ಕೆಲಸ ಒಪ್ಪುವ ಮೊದಲೇ ಸಂಬಳದ ಒಂದು ಭಾಗವನ್ನು ಅಮೆರಿಕನ್ ಡಾಲರಿನಲ್ಲೇ ಕೊಡಲು ಕೇಳಿ, ಕರಾರಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ "ನೋಡೋಣ" ಅಂದಿದ್ದು ಆಮೇಲೆ ಕಾಗದಕ್ಕೆ ಇಳಿಯುವುದಿಲ್ಲ. ವಾಪಸ್ ಬರುವ ಯೋಚನೆ ಬಂದ ತಿಂಗಳಿನಿಂದಲೇ ಬ್ಯಾಂಕಿಗೆ ಹೋಗಿ ಡಾಲರಿಗೆ ಅರ್ಜಿ ಹಾಕುತ್ತಾ ಬನ್ನಿ. ಕೈಯಲ್ಲಿ ಉಳಿದ ಟ್ರಿನಿಡಾಡ್ ನೋಟುಗಳನ್ನು ಅಲ್ಲಿಯ ವಿಮಾನ ನಿಲ್ದಾಣ ದಾಟುವ ಮೊದಲೇ ಖರ್ಚು ಮಾಡಿಬಿಡಿ, ಶಿವಮೊಗ್ಗದಲ್ಲಿ ಅವನ್ನು ಬದಲಿಸಿ ಕೊಡುವವರು ಯಾರೂ ಇಲ್ಲ.