ಎರಿ ನೆಲದಲ್ಲಿ ಕಬಡ್ಡಿ ಅಂಕಣ: ನಿವೃತ್ತ ಪಿ.ಟಿ. ಮಾಸ್ತರಿಗೆ

ಸೈನ್ಯ ಮುಗಿಸಿ, ಸಾಲಿ ನೌಕರಿಯನ್ನೂ ಮುಗಿಸಿ ಊರ ಹುಡುಗರಿಗೆ ಕಬಡ್ಡಿ ಕಲಿಸಲು ಹೊರಟವರಿಗೆ ಮೊದಲ ತೊಡಕು ಆಟದ್ದಲ್ಲ, ನೆಲದ್ದು. ರೋಣ, ನರಗುಂದ, ನವಲಗುಂದ ಕಡೆಯ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಹಿಮ್ಮಡಿ ಸಿಕ್ಕಿತೋ, ಕಾಲು ಉಳುಕಿತು.

ಸಾಲಿ ಮೈದಾನವಾದರೆ ಈಗಿರುವ ದೈಹಿಕ ಶಿಕ್ಷಕರನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಯವರನ್ನೂ ಮೊದಲು ಕೇಳಿ. ಚಾವಿ ಈಗ ನಿಮ್ಮ ಕೈಯಲ್ಲಿಲ್ಲ.

ಹಿಂಗಾರಿ ಮಳೆ ನಿಂತ ಮೇಲೆ, ಡಿಸೆಂಬರ್–ಜನವರಿಯಲ್ಲಿ ಕೆಲಸ ಹಿಡಿಯಿರಿ. ಮೇ ತಿಂಗಳಲ್ಲಿ ಬಿರುಕು ಬಿಟ್ಟ ನೆಲದ ಮೇಲೆ ಹಾಕಿದರೆ ಮೊದಲ ಮಳೆಗೇ ಅಡಿಯ ಎರಿ ಉಬ್ಬಿ ಅಂಕಣ ಎದ್ದು ಕೂರುತ್ತದೆ. ಇನ್ನೊಂದು ತಪ್ಪು ಬಹಳ ಕಡೆ ಆಗುತ್ತದೆ: ಎರಿಯಲ್ಲಿ ತಗ್ಗು ತೋಡಿ ಮಸಾರಿ (ಕೆಂಪು ಮಣ್ಣು) ತುಂಬುವುದು. ಎರಿ ನೀರು ಬಿಡುವುದಿಲ್ಲ, ಹಾಗಾಗಿ ಆ ತಗ್ಗು ಹೊಂಡವೇ ಆಗುತ್ತದೆ. ಹುಲ್ಲು, ಸಡಿಲ ಮಣ್ಣು ಅಂತ 5 ಸೆಂ.ಮೀ. ಮಾತ್ರ ಕೆರೆದು, ಉಳಿದದ್ದನ್ನು ನೆಲದ ಮೇಲೆ ಎತ್ತರಿಸಿ.

ಮಣ್ಣಿನ ಹಾಸು ಅಂಕಣಕ್ಕಿಂತ ಸುತ್ತ ಒಂದು ಮೀಟರ್ ಹೆಚ್ಚು, 15 × 12 ಮೀಟರ್ ಇರಲಿ. ಕೆಳಗೆ ಗರಸು (ಹರಳು ಬೆರೆತ ಗಟ್ಟಿ ಮಣ್ಣು) 10 ಸೆಂ.ಮೀ., ಮೇಲೆ ಜರಡಿ ಹಿಡಿದ ಮಸಾರಿ 10 ಸೆಂ.ಮೀ. ಒತ್ತಿದ ಮೇಲೆ ಇಷ್ಟು ಉಳಿಯಬೇಕೆಂದರೆ, 100 ಘನ ಅಡಿಯ ಟ್ರೇಲರ್‌ನಲ್ಲಿ ಗರಸು 8–9 ಟ್ರಿಪ್, ಮಸಾರಿಯೂ ಅಷ್ಟೇ ಬೇಕು. ಮಸಾರಿ ಮುಂಡರಗಿ, ಶಿರಹಟ್ಟಿ ಕಡೆ ಸಿಗುತ್ತದೆ. ಕಪ್ಪತಗುಡ್ಡದ ಮಣ್ಣಿಗೆ ಮಾತ್ರ ಕೈ ಹಾಕಬೇಡಿ, ಅದು ವನ್ಯಜೀವಿಧಾಮ.

ಮಣ್ಣಿನ ಹದ ಹೀಗೆ ನೋಡಿ. ತೇವದ ಮಣ್ಣನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡಿ. ನಾಲ್ಕಾರು ತುಂಡಾದರೆ ಹದ ಸರಿ. ರೊಟ್ಟಿಯಂತೆ ಚಪ್ಪಟೆಯಾದರೆ ನೀರು ಹೆಚ್ಚು. ಉಂಡೆಯೇ ಕಟ್ಟದಿದ್ದರೆ ನೀರು ಸಾಲದು, ಇಲ್ಲವೇ ಉಸುಕು ಜಾಸ್ತಿ. ರಾತ್ರಿ ನೀರು ಹೊಡೆದು ಮುಂಜಾನೆ ರೋಲರ್ ಎಳೆಸಿ, 5 ಸೆಂ.ಮೀ.ಗೊಂದು ಪದರದಂತೆ. ರೋಲರ್ ಇಲ್ಲದಿದ್ದರೆ ಹಳೆಯ ಕಣದ ರೋಣಗಲ್ಲು (ತೆನೆ ಒಕ್ಕಲು ಉರುಳಿಸುವ ಕಲ್ಲು) ಆದೀತು. ಅದರ ಒಂದು ತುದಿ ಸಣ್ಣದಿದ್ದರೆ ನೇರ ಹೋಗದೆ ಒಂದು ಬದಿಗೆ ಎಳೆಯುತ್ತದೆ, ಬರುವಾಗ ತಿರುಗಿಸಿ ಹಿಡಿಯಬೇಕು. ಕಣ ಮಾಡಿದ ಹಿರಿಯ ರೈತರೊಬ್ಬರನ್ನು ಕರೆತನ್ನಿ, ಈ ಕೆಲಸದಲ್ಲಿ ಅವರೇ ಎಂಜಿನಿಯರ್. ನಡುಗೆರೆ ಎತ್ತರವಿದ್ದು ಎರಡೂ ತುದಿಗೆ ಮೀಟರಿಗೆ 1 ಸೆಂ.ಮೀ. ಇಳಿಜಾರು ಇರಲಿ, ಸುತ್ತ ಸಣ್ಣ ಕಾಲುವೆ ತೆಗೆಯಿರಿ.

ಗೆರೆಗೆ ಉಕ್ಕಿನ ಟೇಪೇ ಬೇಕು, ಸುತಳಿ ಹಿಗ್ಗುತ್ತದೆ. ಗಂಡಸರ ಅಂಕಣ 13 × 10 ಮೀಟರ್. ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದರೆ ಎರಡೂ ಕಡೆ 16.40 ಬರಬೇಕು, ಬಾರದಿದ್ದರೆ ಮೂಲೆ ಸೊಟ್ಟ. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್ (ದಾಳಿಗೆ ಹೋದ ರೈಡರ್ ದಾಟಬೇಕಾದ ಗೆರೆ), ಅದರಾಚೆ 1 ಮೀಟರಿಗೆ ಬೋನಸ್ ಲೈನ್ (ಹೆಚ್ಚುವರಿ ಅಂಕದ ಗೆರೆ). ಹೆಣ್ಣುಮಕ್ಕಳ ಅಂಕಣ 12 × 8. ಬಾಕ್ ಲೈನ್ 3 ಮೀಟರಿಗೆ, ಬೋನಸ್ ಅಲ್ಲಿಂದ 1 ಮೀಟರಿಗೆ, ಓರೆ ಅಳತೆ 14.42. ಎರಡೂ ಬದಿಯ ಒಂದೊಂದು ಮೀಟರಿನ ಪಟ್ಟಿ, ಅಂದರೆ ಲಾಬಿ, ಈ 10 ಅಥವಾ 8ರ ಒಳಗೇ ಬರುತ್ತದೆ. ಅದನ್ನು ಹೊರಗೆ ಸೇರಿಸಿ 12 ಮೀಟರ್ ಅಗಲ ಮಾಡಿದ ಅಂಕಣಗಳು ಕಮ್ಮಿಯಿಲ್ಲ. ಅಂಥಲ್ಲಿ ಕಲಿತ ರೈಡರ್ ಪಂದ್ಯದಲ್ಲಿ ಎದುರಾಳಿಯನ್ನು ಮುಟ್ಟುವ ಮೊದಲೇ ಲಾಬಿಗೆ ಕಾಲಿಟ್ಟು ಔಟಾಗುತ್ತಾನೆ.

ಗೆರೆಗೆ ಸುಣ್ಣ ಬಳಸಬೇಡಿ. ಕಬಡ್ಡಿಯಲ್ಲಿ ಮುಖವೇ ನೆಲಕ್ಕೆ ತಾಗುತ್ತದೆ, ಸುಣ್ಣ ಕಣ್ಣನ್ನೂ ತರಚಿದ ಗಾಯವನ್ನೂ ಸುಡುತ್ತದೆ. ರಂಗೋಲಿ ಪುಡಿ ಸಾಕು. ನವಾರ ಪಟ್ಟಿ ಹಾಸಿ ಮೊಳೆ ಹೊಡೆಯುವುದಂತೂ ಬೇಡವೇ ಬೇಡ. ಬಗ್ಗಿ ಗೆರೆ ಎಳೆಯುವ ಕೆಲಸ ಹುಡುಗರಿಗೇ ಬಿಡಿ. ಅರವತ್ತು ದಾಟಿದ ಮೊಣಕಾಲಿಗೆ ಟೇಪಿನ ಅಂಕಿ ಓದುವ ಕೆಲಸ ಸಾಕಷ್ಟಾಯಿತು.

ದಿನಾ ಆಟಕ್ಕೆ ಮುಂಚೆ ಹುಡುಗರನ್ನು ಒಂದು ಕೈಯಳತೆ ಬಿಟ್ಟು ಸಾಲಾಗಿ ನಿಲ್ಲಿಸಿ, ಪಲ್ಟನ್ನಿನಲ್ಲಿ ಕಸ ಹೆಕ್ಕಿಸಿದಂತೆ ಈ ತುದಿಯಿಂದ ಆ ತುದಿಗೆ ಹರಳು ಆರಿಸಿ. ಅಂಚಿನಲ್ಲಿ ಗೋಣಿಚೀಲ ಹಾಸಿ ಕಾಲು ಒರೆಸಿ ಬರಲಿ. ಇಲ್ಲದಿದ್ದರೆ ಕಾಲಿಗಂಟಿದ ಎರಿ ವರ್ಷದೊಳಗೆ ಮಸಾರಿಯನ್ನು ಕೆಡಿಸುತ್ತದೆ. ನೀರು ಹೊಡೆಯುವುದು ಆಟ ಮುಗಿದ ಮೇಲೆ, ಸಂಜೆ. ಚದರ ಮೀಟರಿಗೆ 1 ಲೀಟರ್, ಅಂದರೆ 20 ಲೀಟರಿನ 9 ಕೊಡ, ಬೇಸಿಗೆಗೆ ಇಮ್ಮಡಿ. ಆಟಕ್ಕೆ ಮುಂಚೆ ಹೊಡೆದರೆ ಮೇಲ್ಪದರ ಜಾರುತ್ತದೆ.

ಮಳೆ ಬಿದ್ದ ಮಾರನೇ ದಿನ ನಡುಗೆರೆ ಹತ್ತಿರವೂ ನಾಲ್ಕು ಮೂಲೆಯಲ್ಲೂ ಹೆಬ್ಬೆರಳು ಒತ್ತಿ ನೋಡಿ. ಉಗುರಿನಷ್ಟು ಕುಳಿ ಬಿದ್ದರೆ ಆವತ್ತು ಅಂಕಣಕ್ಕೆ ಇಳಿಸಬೇಡಿ, ಡಾಂಬರ್ ರಸ್ತೆಯ ಮೇಲೆ ಓಡಿಸಿ.